ಇರಾಕ್ 2005: ಪೆಟ್ಟಿಗೆ ಇಡುವ ಮೊದಲೇ ನಡೆದದ್ದು

2005ರ ಜನವರಿ 30ರ ಇರಾಕ್ ಚುನಾವಣೆಯಲ್ಲಿ, ಸುನ್ನಿ ಅರಬರೇ ಹೆಚ್ಚಿರುವ ಅನ್‌ಬಾರ್ ಪ್ರಾಂತ್ಯದಲ್ಲಿ ಬಿದ್ದ ಮತ 14 ಸಾವಿರಕ್ಕೂ ಕಡಿಮೆ, ಅಂದರೆ ಶೇ. 2ರಷ್ಟು. ಇಡೀ ದೇಶದಲ್ಲಿ ಸಿಂಧುವಾದ ಮತ ಸುಮಾರು 84.5 ಲಕ್ಷ, ಸ್ಥಾನ 275. ಭಾಗಿಸಿದರೆ ಒಂದು ಸ್ಥಾನಕ್ಕೆ 30,750 ಮತ ಬೇಕು. ಹಾಗಾಗಿ ಇಡೀ ಪ್ರಾಂತ್ಯದ ಮತ ಒಟ್ಟುಗೂಡಿಸಿದರೂ ಅರ್ಧ ಸ್ಥಾನ ಆಗಲಿಲ್ಲ.

ನಮ್ಮಲ್ಲಿ ಒಂದು ಕ್ಷೇತ್ರದಲ್ಲಿ ಎಷ್ಟೇ ಕಡಿಮೆ ಮತದಾನವಾದರೂ ಆ ಕ್ಷೇತ್ರಕ್ಕೊಬ್ಬ ಶಾಸಕ ಬಂದೇ ಬರುತ್ತಾನೆ. ಇರಾಕಿನಲ್ಲಿ ಹಾಗಾಗದಿರಲು ಕಾರಣ, ಇಡೀ ದೇಶವನ್ನೇ ಒಂದು ಕ್ಷೇತ್ರ ಮಾಡಿದ್ದು. ಜನ ಪಕ್ಷದ ಪಟ್ಟಿಗೆ ಮತ ಹಾಕಬೇಕು, ಪಟ್ಟಿಗೆ ಬಿದ್ದ ಮತದ ಪ್ರಮಾಣದಲ್ಲಿ ಸ್ಥಾನ. ಇಂಥ ಲೆಕ್ಕದಲ್ಲಿ ಭಯದಿಂದ ಮನೆಯಲ್ಲೇ ಉಳಿದ ಊರು ಶಾಸನಸಭೆಯಿಂದಲೇ ಅಳಿಸಿಹೋಗುತ್ತದೆ. ಫಲ್ಲೂಜಾ ನಗರ ಇರುವುದು ಅನ್‌ಬಾರ್‌ನಲ್ಲೇ. ಅಲ್ಲಿ ಅಮೆರಿಕದ ದೊಡ್ಡ ದಾಳಿ ನಡೆದದ್ದು 2004ರ ನವೆಂಬರಿನಲ್ಲಿ, ಮತದಾರರ ಪಟ್ಟಿ ಸರಿಪಡಿಸುವ ಕೆಲಸ ನಡೆಯುತ್ತಿದ್ದ ತಿಂಗಳಲ್ಲೇ.

ಈ ನಿಯಮ ಬರೆದದ್ದು ಯಾರು? ಇರಾಕನ್ನು ಆಕ್ರಮಿಸಿದ್ದ ಅಮೆರಿಕ ಅಲ್ಲಿ ನಡೆಸುತ್ತಿದ್ದ, ಪಾಲ್ ಬ್ರೆಮರ್ ಮುಖ್ಯಸ್ಥರಾಗಿದ್ದ ಆಡಳಿತ. ಚುನಾವಣಾ ಆಯೋಗ ರಚಿಸಿದ್ದು ಅವರ 92ನೇ ಆದೇಶ, ಚುನಾವಣಾ ಕಾನೂನು 96ನೇ ಆದೇಶ, ಪಕ್ಷಗಳ ಕಾನೂನು 97ನೇ ಆದೇಶ. ಇರಾಕಿಗಳಿಗೆ ಅಧಿಕಾರ ಹಸ್ತಾಂತರವಾದದ್ದು 2004ರ ಜೂನ್ 28ರಂದು. ಅಷ್ಟರೊಳಗೆ ಮೂರೂ ಸಿದ್ಧವಾಗಿದ್ದವು. ಕಾಗದದ ಮೇಲೆ ಆಕ್ರಮಣ ಮುಗಿದಿತ್ತು. ಮತದಾನದ ದಿನ ಸುಮಾರು ಒಂದೂವರೆ ಲಕ್ಷ ಅಮೆರಿಕನ್ ಸೈನಿಕರು ದೇಶದಲ್ಲೇ ಇದ್ದರು.

ಒಂದೇ ಕ್ಷೇತ್ರಕ್ಕೆ ಕೊಟ್ಟ ಕಾರಣ: ನಂಬಬಹುದಾದ ಜನಗಣತಿ ಇಲ್ಲ, 2005ರ ಜನವರಿ 31ರ ಗಡುವು ಹತ್ತಿರ. ವಿಶ್ವಸಂಸ್ಥೆಯ ತಜ್ಞರೂ ಇದನ್ನು ಒಪ್ಪಿದ್ದರು. ನನಗೆ ಇದು ಸಮಾಧಾನ ತರುವುದಿಲ್ಲ. ಮತದಾರರ ಪಟ್ಟಿ ತಯಾರಾದದ್ದೇ ಪಡಿತರ ದಾಖಲೆಯಿಂದ. ರೇಷನ್ ಕೊಡುವವರ ಮೂಲಕವೇ ನೋಂದಣಿ ಫಾರಂ ಮನೆಗಳಿಗೆ ಹೋಗಿತ್ತು. ಅದೇ ಪಟ್ಟಿ ಆಧರಿಸಿ ಪ್ರಾಂತ್ಯವಾರು ಸ್ಥಾನ ಹಂಚಲು ಸಾಧ್ಯವಿತ್ತು. 2005ರ ಡಿಸೆಂಬರಿನ ಚುನಾವಣೆಯಲ್ಲಿ ಅದನ್ನೇ ಮಾಡಿದರು: 230 ಸ್ಥಾನ ಪ್ರಾಂತ್ಯಗಳಿಗೆ, 45 ಇಡೀ ದೇಶದ ಮತಪ್ರಮಾಣಕ್ಕೆ ಸರಿಹೊಂದಿಸಲು. ಅನ್‌ಬಾರ್‌ಗೆ 9 ಸ್ಥಾನ ಸಿಕ್ಕಿತು. ಆದರೆ ಅಷ್ಟರಲ್ಲಿ ಸಂವಿಧಾನ ಬರೆದು ಮುಗಿದಿತ್ತು.

ಜನವರಿಯ ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಆ ಸಭೆಯ ಕೆಲಸವೇ ಸಂವಿಧಾನ ರಚಿಸುವುದು. 275ರಲ್ಲಿ ಸುನ್ನಿ ಅರಬರು ಕೇವಲ 17 ಮಂದಿ. 55 ಜನರ ಕರಡು ಸಮಿತಿಯಲ್ಲಿ ಮೊದಲು ಇದ್ದದ್ದು ಇಬ್ಬರು ಸುನ್ನಿಗಳು. ಆಮೇಲೆ ಸಭೆಯ ಹೊರಗಿನಿಂದ 15 ಜನರನ್ನು ಸೇರಿಸಿದರು. ಮತದಿಂದ ಬರಬೇಕಿದ್ದವರನ್ನು ಆಹ್ವಾನ ಕೊಟ್ಟು ಕರೆತರುವಂತಾಯಿತು.

ವೀಕ್ಷಕರ ವಿಷಯವನ್ನೂ ಹೇಳಬೇಕು. ಜನವರಿಯಲ್ಲಿ ಅಂತಾರಾಷ್ಟ್ರೀಯ ನಿಯೋಗ ಬಹುಪಾಲು ಕೆಲಸ ಮಾಡಿದ್ದು ಜೋರ್ಡಾನಿನ ಅಮ್ಮಾನ್‌ನಿಂದ. ಮತಗಟ್ಟೆಗೆ ಹೋಗಲಾಗದ ವೀಕ್ಷಕರು ಆಯೋಗದ ಕಾಗದಪತ್ರ ಪರಿಶೀಲಿಸಬಹುದು. ಮತಗಟ್ಟೆಯೇ ತೆರೆಯದ ಊರಿನ ಬಗ್ಗೆ ಏನು ಬರೆಯಲಾದೀತು? ಅಭ್ಯರ್ಥಿಗಳದ್ದೂ ಇದೇ ಪಾಡು. ಜೀವಭಯದಿಂದ ಬಹಳಷ್ಟು ಹೆಸರುಗಳನ್ನು ಕೊನೆಯ ದಿನಗಳವರೆಗೂ ಗುಟ್ಟಾಗಿಟ್ಟಿದ್ದರು. 111 ಪಟ್ಟಿಗಳಿದ್ದ ಮತಪತ್ರ ಹಿಡಿದವರಿಗೆ ತಾವು ಯಾರನ್ನು ಆರಿಸುತ್ತಿದ್ದೇವೆಂದು ಸರಿಯಾಗಿ ತಿಳಿಯುವಂತಿರಲಿಲ್ಲ. ಹಾಗಿದ್ದೂ ಬಾಂಬಿನ ನಡುವೆ, ವಾಹನ ಸಂಚಾರ ನಿಷೇಧವಾಗಿದ್ದ ರಸ್ತೆಗಳಲ್ಲಿ ನಡೆದುಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಜನರ ಧೈರ್ಯದ ಬಗ್ಗೆ ನನಗೆ ತುಂಬು ಗೌರವವಿದೆ.

ಸಂವಿಧಾನದ ಮೇಲೆ 2005ರ ಅಕ್ಟೋಬರ್ 15ರಂದು ನಡೆದ ಜನಮತಗಣನೆಯಲ್ಲಿ ಅನ್‌ಬಾರ್ ಬಂದು ಮತ ಹಾಕಿತು. ಮೂರು ಪ್ರಾಂತ್ಯಗಳಲ್ಲಿ ಮೂರನೇ ಎರಡರಷ್ಟು ಜನ ಬೇಡವೆಂದರೆ ಸಂವಿಧಾನ ಬೀಳುತ್ತಿತ್ತು. ಅಕ್ಟೋಬರ್ ಆರಂಭದಲ್ಲಿ ಶಾಸನಸಭೆ ಇದಕ್ಕೆ ಹೊಸ ಅರ್ಥ ಹಚ್ಚಿ, ಮತ ಹಾಕಿದವರಲ್ಲಿ ಅಲ್ಲ, ನೋಂದಾಯಿತ ಮತದಾರರೆಲ್ಲರಲ್ಲಿ ಮೂರನೇ ಎರಡು ಎಂದಿತು. ವಿಶ್ವಸಂಸ್ಥೆ ಆಕ್ಷೇಪಿಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡಿತು. ಫಲಿತಾಂಶ: ಬೇಡವೆಂದವರು ಅನ್‌ಬಾರ್‌ನಲ್ಲಿ ಶೇ. 97, ಸಲಾಹುದ್ದೀನ್‌ನಲ್ಲಿ ಶೇ. 82, ನಿನೆವೆಯಲ್ಲಿ ಶೇ. 55. ಮೂರನೆಯ ಪ್ರಾಂತ್ಯ ಗೆರೆ ದಾಟಲಿಲ್ಲ, ಸಂವಿಧಾನ ಜಾರಿಗೆ ಬಂತು.