ನೀರ್ ಕಟ್ಟದ ದಿನ

12 ಜನವರಿ 2025, ಭಾನುವಾರ, ಮಂಡ್ಯ

ಸಂಕ್ರಾಂತಿಗೆ ಎರಡೇ ದಿನ. ಅಮ್ಮ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ತಾ ಕೂತಿದ್ರು, ಅಕ್ಕನ ಮಗಳು ನನ್ನ ನೋಟ್‌ಬುಕ್ ಎಳ್ಕೊಂಡು "ಮಾವ, ಓರ್ಕ್ರಿಸ್ಟ್ ಅಂದ್ರೇನು?" ಅಂದ್ಳು. ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ತಮ್ಮ ಕತೆಗಳಿಗೆ ಅಂತ ಕಟ್ಟಿದ ಸಿಂಡರಿನ್ ಭಾಷೇಲಿ ಒಂದು ಕತ್ತಿ ಹೆಸರು ಕಣವ್ವ, ಓರ್ಕ್ ಅಂದ್ರೆ ಆ ಕತೇಲಿ ಶತ್ರು ಸೈನ್ಯದ ರಾಕ್ಷಸರಂಥೋರು, ರಿಸ್ಟ್ ಅಂದ್ರೆ ಸೀಳೋದು, ಆಂಗ್ ಅಂದ್ರೆ ಕಬ್ಬಿಣ, ಹಂಗಾಗಿ ಕಬ್ಬಿಣಾನೇ ಸೀಳೋ ಚಾಕುಗೆ ಆಂಗ್ರಿಸ್ಟ್ ಅಂದೆ. ಅವ್ಳು ಅಜ್ಜಿ ಕೈ ನೋಡಿ "ಹಂಗಾದ್ರೆ ಅದು ಕೊಬ್ರಿಸ್ಟ್" ಅಂದ್ಬಿಟ್ಳು! ಒಂದೇ ನಿಮಿಷದಲ್ಲಿ ಮಗು ಆ ಭಾಷೆಗೆ ಹೊಸ ಪದ ಸೇರಿಸ್ತು.

ಆಗ್ಲೇ ನಂಗೆ ಹೊಳೆದಿದ್ದು. ನನ್ ಕತೆಗೆ ಅಂತ ಎರಡು ವರ್ಷದಿಂದ ಕಟ್ತಿರೋ ಭಾಷೇಲಿ ಯುದ್ಧದ ಪದಗಳೆಲ್ಲ ಬರೀ ಘ, ಢ, ಖ್ರ ಅಂತ ಗುಡುಗೋ ಶಬ್ದಗಳು, ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆನೇ ಇಲ್ಲ. ನಮ್ಮಲ್ಲಿ ನೋಡಿ, ಹಳಗನ್ನಡದ ಕಾದು ಇವತ್ತೂ ಕಾದಾಟದಲ್ಲಿ ಉಸಿರಾಡ್ತಿದೆ. ಸಿಂಡರಿನ್ನಲ್ಲೂ ದಾಗೋರ್ ಅಂದ್ರೆ ಯುದ್ಧ, ದಾಗ್ನಿರ್ ಅಂದ್ರೆ ಕೊಂದೋನು, ಎರಡಕ್ಕೂ ಬೇರು ಒಂದೇ. ದಾಗೋರ್ ಬ್ರಾಗೊಲ್ಲಾಖ್ ಅಂದ್ರೆ ದಿಢೀರ್ ಬೆಂಕಿಯ ಯುದ್ಧ. ಆದ್ರೆ ಆ ಕತೇಲಿ ಎಲ್ಲಕ್ಕಿಂತ ದೊಡ್ಡ ಸೋಲಿಗೆ ಟೋಲ್ಕಿನ್ ಇಟ್ಟ ಹೆಸರಲ್ಲಿ ದಾಗೋರ್ ಅನ್ನೋ ಪದಾನೇ ಇಲ್ಲ. ನಿರ್ನಯ್ಥ್ ಅರ್ನೊಯ್ದಿಯಾದ್, ಎಣಿಸಕ್ಕಾಗದ ಕಣ್ಣೀರು. 1916ರಲ್ಲಿ ಮೊದಲ ಮಹಾಯುದ್ಧದ ಸೊಮ್ ಕದನದಲ್ಲಿ ಸಿಗ್ನಲ್ ಆಫೀಸರ್ ಆಗಿದ್ದೋರು ಅವ್ರು, ಗೆದ್ದೋರ ಕಡೆಯಿಂದ ಹೆಸರಿಡಕ್ಕೆ ಮನಸ್ಸು ಬಂದಿರಲ್ಲ ಅಂತ ನಂಗನ್ಸುತ್ತೆ.

ಇಲ್ಲೇ ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಕಲ್ಲು ನೆನಪಾಯ್ತು, ಈಗ ಬೆಂಗಳೂರಿನ ಮ್ಯೂಸಿಯಮ್ಮಲ್ಲಿದೆ. 949ರ ತಕ್ಕೋಲಂ ಯುದ್ಧ, ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ, ಅಲ್ಲಿ ಸತ್ತ ಚೋಳ ರಾಜಾದಿತ್ಯ ಎಲ್ಲಾ ಅದ್ರಲ್ಲಿದಾರೆ, ಆದ್ರೆ ಕೆತ್ತಿರೋ ಚಿತ್ರ ಮಾತ್ರ ಹಂದಿ ಮೇಲೆ ಬಿದ್ದು ತಾನೂ ಸತ್ತ ಕಾಳಿ ಅನ್ನೋ ನಾಯೀದು. ಆ ಯುದ್ಧದಲ್ಲಿ ಕಾದಿದ ಮಣಲೆರ ಅನ್ನೋ ವೀರ ತನ್ನ ಶೌರ್ಯಕ್ಕೆ ಬಹುಮಾನ ಅಂತ ರಾಜನ ಹತ್ರ ಕೇಳಿ ತಗೊಂಡಿದ್ದ ನಾಯಿ. ಆ ಕಲ್ಲಲ್ಲಿ ನನ್ ಎದೆಗೆ ತಾಕೋ ಹೆಸರು ಕಾಳಿದೇ.

ಮಧ್ಯಾಹ್ನ ಕೂತು ಹಳೇ ಪಟ್ಟಿ ಪೂರ್ತಿ ಹೊಡೆದುಹಾಕ್ದೆ. ನನ್ ಕತೇಲಿ ಯುದ್ಧ ಆಗೋದು ನಾಲೆ ಏರಿ ಮೇಲೆ, ಅವತ್ತು ತೂಬು ಎತ್ತಕ್ಕೆ ಯಾರೂ ಉಳಿದಿರಲ್ಲ, ಪೈರು ಒಣಗುತ್ತೆ. ನನ್ ಭಾಷೇಲಿ ಸೆಲ್ ನೀರು, ಉಮ್ ಇಲ್ಲ, ತಾರ್ ದಿನ. ಹಂಗಾಗಿ ಆ ಯುದ್ಧದ ಹೆಸರು ಸೆಲುಮ್ತಾರ್, ನೀರ್ ಕಟ್ಟದ ದಿನ. ಸೆಲಾನ್ ಅಂದ್ರೆ ನಾಲೆ ಅಂತ ಮೊದ್ಲೇ ಇತ್ತು, ಹಂಗಾಗಿ ಓದೋರಿಗೆ ಬೇರು ತಾನೇ ಸಿಗುತ್ತೆ.

ಅಮ್ಮಂಗೆ ಓದಿ ಹೇಳ್ದೆ. ಚಾಕು ನಿಲ್ಲಿಸಿ "ಪಾಪ, ಪೈರು" ಅಂದ್ರು. ಹುಡ್ಗಿ ಕೇಳಿದ್ದು ಬೇರೆ: "ಆಚೆ ದಡದೋರು ಅದ್ಕೆ ಏನಂತಾರೆ ಮಾವ?"

ಅವ್ರ ಕಡೇನೂ ಸತ್ತಿದಾರಲ್ಲ. ಇವತ್ತು ರಾತ್ರಿ ಆ ಹೆಸರಿಗೆ ಕೂರ್ಬೇಕು.