ನೋಟಿನ ಮೇಲಿನ ಇಂಜಿನಿಯರ್

ಬಾಲಿಗೆ ಹೋಗಿ ಬಂದ ಗೆಳೆಯ ಇವತ್ತು ಐವತ್ತು ಸಾವಿರದ ನೋಟು ಕೊಟ್ಟ. ಖುಷಿಪಡಬೇಡಿ, ರುಪಿಯಾ. ನಮ್ಮ ಮುನ್ನೂರು ರೂಪಾಯಿಯೂ ಆಗಲ್ಲ.

ಅದರ ಮೇಲಿರುವ ಮುಖ ಜುವಾಂಡಾ ಅವರದು. 1957ರಲ್ಲಿ ಇಂಡೋನೇಷ್ಯಾದ ಪ್ರಧಾನಿಯಾದವರು. ಯಾವ ಪಕ್ಷಕ್ಕೂ ಸೇರದ ಸಿವಿಲ್ ಇಂಜಿನಿಯರ್! ಪಕ್ಷಗಳ ಜಗಳದಲ್ಲಿ ಸರ್ಕಾರಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಅಧ್ಯಕ್ಷ ಸುಕಾರ್ನೋ ಬೇಸತ್ತು ಇವರನ್ನು ಕೂರಿಸಿದರು. ಕೆಲಸ ಬಲ್ಲವರ ಸಂಪುಟ ಅಂತ ಹೆಸರು. ಆದರೂ ಉಪಪ್ರಧಾನಿಗಳು ಮಾತ್ರ ಪಕ್ಷದವರೇ. ರಾಜಕೀಯ ಅಷ್ಟು ಸುಲಭಕ್ಕೆ ಬಿಡುತ್ತಾ?

ಗುರಿ ಐದು. ರಾಷ್ಟ್ರೀಯ ಮಂಡಳಿ ಕಟ್ಟುವುದು, ದೇಶವನ್ನು ಸಹಜ ಸ್ಥಿತಿಗೆ ತರುವುದು, ಡಚ್ಚರ ಜೊತೆಗಿನ ಹಳೇ ಒಪ್ಪಂದದ ರದ್ದತಿ ಮುಗಿಸುವುದು, ಇನ್ನೂ ಡಚ್ಚರ ಕೈಲಿದ್ದ ಪಶ್ಚಿಮ ಇರಿಯನ್ (ನ್ಯೂಗಿನಿ ದ್ವೀಪದ ಪಶ್ಚಿಮ ಭಾಗ) ಪಡೆಯುವುದು, ಅಭಿವೃದ್ಧಿಗೆ ವೇಗ ಕೊಡುವುದು. ಸಹಜ ಸ್ಥಿತಿ ಎಲ್ಲಿಂದ ಬರಬೇಕು, ಮರುವರ್ಷವೇ ಸುಮಾತ್ರಾದಲ್ಲಿ ಬಂಡಾಯ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಸಮುದ್ರದ ವಿಷಯ. ಡಚ್ಚರ ಕಾಲದ ಕಾನೂನಿನಲ್ಲಿ ಪ್ರತಿ ದ್ವೀಪದ ಸುತ್ತ ಬರೀ 3 ಮೈಲಿ ನೀರು ಇಂಡೋನೇಷ್ಯಾದ್ದು. ಅಂದರೆ ಜಾವಾ ಸಮುದ್ರದ ನಡುವೆ ಡಚ್ ಯುದ್ಧನೌಕೆ ಆರಾಮಾಗಿ ಓಡಾಡಬಹುದಿತ್ತು. 1957ರ ಡಿಸೆಂಬರ್ 13ರಂದು ಈ ಸಂಪುಟ ಘೋಷಿಸಿತು: ದ್ವೀಪಗಳ ನಡುವಿನ ನೀರೆಲ್ಲ ನಮ್ಮದೇ, ಹೊರಗಿನ ದ್ವೀಪಗಳಾಚೆ ಇನ್ನೂ 12 ಮೈಲಿ. ಕರಡು ಬರೆದದ್ದು ಮೊಖ್ತಾರ್ ಅನ್ನೋ 28ರ ಹುಡುಗ. ದೊಡ್ಡ ದೇಶಗಳು ಒಪ್ಪಲಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನಲ್ಲಿ ಕೊನೆಗೂ ಆ ತತ್ವಕ್ಕೆ ಜಾಗ ಸಿಕ್ಕಿತು. ಅಷ್ಟರಲ್ಲಿ ಜುವಾಂಡಾ ತೀರಿಕೊಂಡು ಹತ್ತೊಂಬತ್ತು ವರ್ಷ.

ಎರಡು ವರ್ಷ ಚಿಲ್ಲರೆ ಇದ್ದ ಸರ್ಕಾರ ಸ್ವಾಮಿ!