ನೀರು ಎಲ್ಲಿ ಮಾಯವಾಯಿತೆಂದು ಮೊದಲು ಕೇಳಿ

ಸುರಂಗ ಕಾಮಗಾರಿಯಲ್ಲಿ ಭೂವಿಜ್ಞಾನಿಯಾಗಿರುವ ನಾನು ಹೊಸದಾಗಿ ಸೇರಿದವರಿಗೆ ಸ್ಪೇನಿನ ದಕ್ಷಿಣ ತುದಿಯಲ್ಲಿ ಬ್ರಿಟಿಷರ ಕೈಯಲ್ಲಿರುವ ಜಿಬ್ರಾಲ್ಟರ್ ಬೆಟ್ಟದ ಸಂಗತಿಯನ್ನು ತಪ್ಪದೆ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಕೆನಡಾದ ಸೇನಾ ಎಂಜಿನಿಯರುಗಳು ಆ ಸುಣ್ಣಕಲ್ಲಿನ ಬೆಟ್ಟವನ್ನು ಕೊರೆದು, ಕಲ್ಲನ್ನು ಸಮುದ್ರಕ್ಕೆ ಸುರಿದು ವಿಮಾನಗಳ ಓಡುದಾರಿಯನ್ನೇ ಉದ್ದ ಮಾಡಿಕೊಂಡರು. ಮೇಲಿದ್ದ ಸೇಂಟ್ ಮೈಕೇಲ್ ಗುಹೆ ರೋಮನ್ನರ ಕಾಲದಿಂದಲೂ ಗೊತ್ತಿದ್ದದ್ದೇ. ಅದನ್ನು ತುರ್ತು ಆಸ್ಪತ್ರೆ ಮಾಡಲು ಹೊರಟು, 1942ರಲ್ಲಿ ಇನ್ನೊಂದು ದಾರಿಗಾಗಿ ಸಿಡಿಮದ್ದು ಇಟ್ಟರೆ, ಯಾರೂ ಕಂಡಿರದ ಕೆಳಗಿನ ಗುಹೆಗಳ ಸಾಲು ತೆರೆದುಕೊಂಡಿತು. ಒಳಗೊಂದು ಸರೋವರವೂ ಇತ್ತು! ಆಸ್ಪತ್ರೆಯಾಗಿ ಮಾತ್ರ ಆ ಜಾಗ ಬಳಕೆಗೆ ಬರಲೇ ಇಲ್ಲ.

ಎಲ್ಲರೂ ಇದನ್ನು ಆಕಸ್ಮಿಕ ಎನ್ನುತ್ತಾರೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ಗಾಳಿ, ಮಣ್ಣುಗಳಿಂದ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲವಾದ ಮಳೆನೀರು ಬಿರುಕುಗಳಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸುತ್ತದೆ. ಒಂದು ಬಿರುಕನ್ನು ಗುಹೆ ಮಾಡಿದ ನೀರು ಪಕ್ಕದ ಬಿರುಕಿಗೆ ವಿನಾಯಿತಿ ಕೊಟ್ಟೀತೇ?

ಸುಣ್ಣಕಲ್ಲು ಸಿಕ್ಕಲ್ಲೆಲ್ಲ ನಾವು ಮುಂದಕ್ಕೆ ಉದ್ದನೆಯ ಪರೀಕ್ಷಾ ರಂಧ್ರ ಕೊರೆಯುತ್ತೇವೆ. ಆದರೆ ಅದು ತಾನು ಹೋದ ದಾರಿಯ ಸಮಾಚಾರವನ್ನಷ್ಟೇ ತರುತ್ತದೆ. ಒಂದು ಮೊಳ ಆಚೆ ಕೋಣೆಯಷ್ಟು ಪೊಳ್ಳಿದ್ದರೂ ವರದಿಯಲ್ಲಿ ‘ಗಟ್ಟಿ ಬಂಡೆ’ ಎಂದೇ ಬೀಳುತ್ತದೆ. ಒಮ್ಮೆ ರಾತ್ರಿ ಪಾಳಿಯಲ್ಲಿ, ಕೊರೆಯಲೆಂದು ಒಳಗೆ ಬಿಟ್ಟು ರಂಧ್ರದಿಂದ ವಾಪಸು ಬರುತ್ತಿದ್ದ ನೀರು ಬೂದಿ ಬಣ್ಣದಿಂದ ಕೆಂಪಾಯಿತು, ಆಮೇಲೆ ನಿಂತೇಹೋಯಿತು. ಕೊರೆಯುವ ರಾಡು ಗೇಣುದ್ದ ಮುಂದಕ್ಕೆ ಜಾರಿತು. ಅಂದರೆ ನೀರು ಒಳಗೆಲ್ಲೋ ಪೊಳ್ಳಿಗೆ ಇಳಿಯುತ್ತಿತ್ತು. ಡ್ರಿಲ್ಲರ್ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಿದ. ಪಾಳಿಯ ಹಾಳೆಯಲ್ಲಿ ಇದಕ್ಕೆ ಸಿಕ್ಕ ಹೆಸರು: ‘ಯಂತ್ರ ಸ್ಥಗಿತ, 40 ನಿಮಿಷ’. ಕೊರೆದ ಮೀಟರು, ಕಳೆದ ಗಂಟೆ ಬಿಟ್ಟರೆ ಬೇರೆ ಏನನ್ನೂ ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಅಕ್ಕಪಕ್ಕ ಇನ್ನಷ್ಟು ರಂಧ್ರ ಹಾಕಿದಾಗ ಜೇಡಿಮಣ್ಣು ತುಂಬಿದ ಪೊಳ್ಳು ಸಿಕ್ಕಿತು. ಮಣ್ಣು ತೆಗೆದು ಕಾಂಕ್ರೀಟ್ ತುಂಬಿದೆವು. ಅದಕ್ಕಿಂತ ಕಷ್ಟವಾದದ್ದು ಹಾಳೆಯಲ್ಲಿ ಮೂರು ಕಾಲಂ ಹೆಚ್ಚಿಸುವುದು: ನೀರಿನ ಬಣ್ಣ, ನೀರು ಬರುವುದು ನಿಂತ ಆಳ, ರಾಡು ಜಾರಿದ ಅಳತೆ. ‘ಕಾಗದದ ಕೆಲಸ ಜಾಸ್ತಿಯಾಯಿತು’ ಎಂದು ಮೇಲಿನವರು ಗೊಣಗಿದರು. ಬರೆಯಲು ಬಾರದ ಡ್ರಿಲ್ಲರುಗಳು ಹೇಳಿದ್ದನ್ನು ಪಾಳಿ ಮುಗಿಯುವ ಮೊದಲೇ ಮೇಲ್ವಿಚಾರಕ ಬರೆದುಕೊಳ್ಳಬೇಕು. ಅದನ್ನು ಓದದೆ ಮುಂದಿನ ಸ್ಫೋಟಕ್ಕೆ ನಾನು ಸಹಿ ಹಾಕುವುದಿಲ್ಲ.